ಇ ಅಂಡ್ ಸಿ ಡಿಪ್ಲೊಮಾ ಮುಗಿಸ್ತಿರೋ ತಂಗಿಗೆ ಕೆಲಸ ಎಲ್ಲಿ? ಬೆಂಗಳೂರು ಕಡೆಯೋ, ಮೈಸೂರು ಕಡೆಯೋ?

ಅರಸೀಕೆರೆ ಮೊಬೈಲ್ ಅಂಗಡಿ ಕೇಳಿದ್ದು:

ನಮಸ್ಕಾರ ಎಲ್ರಿಗೂ. ಅರಸೀಕೆರೆ ಬಸ್‌ಸ್ಟ್ಯಾಂಡ್ ಹತ್ರ ನಂದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ನಾನು ಓದಿದ್ದು ಐಟಿಐ ಅಷ್ಟೇ. ತಂಗಿ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್), ಆರನೇ ಸೆಮಿಸ್ಟರ್ ಮುಗಿಯಕ್ಕೆ ಬಂದಿದೆ. ಇಲ್ಲೀವರೆಗೂ ಫಸ್ಟ್ ಕ್ಲಾಸ್ ಬಿಟ್ಟುಕೊಟ್ಟಿಲ್ಲ. ರಜೆ ಬಂದ್ರೆ ನನ್ನ ಅಂಗಡೀಲೇ ಕೂತು ಚಾರ್ಜಿಂಗ್ ಜಾಕ್ ಬದಲಾಯಿಸ್ತಾಳೆ, ಬೋರ್ಡಲ್ಲಿ ಶಾರ್ಟ್ ಹುಡುಕ್ತಾಳೆ. ನಿಜ ಹೇಳ್ಬೇಕಂದ್ರೆ ಮೈಕ್ರೋಸ್ಕೋಪ್ ಕೆಳಗೆ ನನ್ನ ಕೈಗಿಂತ ಅವಳ ಕೈ ಚೆನ್ನಾಗಿ ನಿಲ್ಲುತ್ತೆ.

ಈಗ ಮೂರು ದಾರಿ ಇದೆ. ಕ್ಯಾಂಪಸ್‌ಗೆ ಬಂದಿದ್ದ ಒಂದು ಫೋನ್ ಜೋಡಿಸೋ ಕಂಪನಿ ಬೆಂಗಳೂರು ಆಚೆ ಕೆಲಸ ಕೊಡ್ತೀವಿ ಅಂದಿದೆ, ಹಾಸ್ಟೆಲ್ಲು, ಬಸ್ಸು ಅವರದ್ದೇ. ಕೈಗೆ ಸುಮಾರು 17 ಸಾವಿರ. ಎರಡನೇದು, ಮೈಸೂರಲ್ಲಿ ಒಂದು ವರ್ಷದ ಅಪ್ರೆಂಟಿಸ್. ಮೂರನೇದು, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ಸೇರೋದು. ಅಪ್ಪ ತೋಟದ ಮೇಲೆ ಸಾಲ ಎತ್ತಿಯಾದ್ರೂ ಬಿಇ ಓದಿಸೋಣ ಅಂತಾರೆ. ಅಮ್ಮಂಗೆ ಹಾಸನ ದಾಟಿ ಹೋದ್ರೇ ಭಯ.

ಪೇಪರ್‌ನಲ್ಲಿ ನೋಡಿದ್ರೆ ದಿನಾ ಅಷ್ಟು ಸಾವಿರ ಉದ್ಯೋಗ, ಇಷ್ಟು ಕೋಟಿ ಬಂಡವಾಳ ಅಂತ ಬರುತ್ತೆ. ಅವಳ ಸೀನಿಯರ್‌ಗಳಲ್ಲಿ ನಾಲ್ಕು ಜನ ಹೋಗಿ ಆರು ತಿಂಗಳಿಗೇ ಊರಿಗೆ ವಾಪಸ್ ಬಂದಿದಾರೆ. ಯಾವುದನ್ನ ನಂಬ್ಲಿ? ಎಲೆಕ್ಟ್ರಾನಿಕ್ಸ್ ಓದಿದೋರಿಗೆ ಮುಂದಿನ ಐದಾರು ವರ್ಷ ನಮ್ಮ ರಾಜ್ಯದಲ್ಲಿ ಯಾವ ಕಡೆ ಕೆಲಸ ಇರುತ್ತೆ? ಈ ಲೈನ್‌ನಲ್ಲಿ ಇರೋರು ಹೇಳಿ.

ಕೀಬೋರ್ಡ್ ಕುಟ್ಟೋನು:

ಬ್ರೋ, ಹಾರ್ಡ್‌ವೇರ್ ಬಿಟ್ಟಾಕಿ. ಡಿಸಿಇಟಿ ಬರೆಸಿ ಕಂಪ್ಯೂಟರ್ ಸೈನ್ಸ್‌ಗೆ ಹಾಕಿ. ಫ್ಯಾಕ್ಟರಿ ಅಂದ್ರೆ ನಿಂತ್ಕೊಂಡು ಸ್ಕ್ರೂ ಹಾಕೋದು ಅಷ್ಟೇ. ನಮ್ಮ ಕ್ಲಾಸಲ್ಲಿ ಇ ಅಂಡ್ ಸಿ ಮಾಡ್ದೋರೆಲ್ಲ ಕೊನೆಗೆ ಸಾಫ್ಟ್‌ವೇರ್‌ಗೇ ಬಂದ್ರು.

ಟೆಸ್ಟ್ ಬೆಂಚು:

ತಮ್ಮಾ, ಮೇಲಿನವರಿಗೆ ಆಮೇಲೆ ಉತ್ತರ ಕೊಡ್ತೀನಿ, ಮೊದಲು ನಿನ್ನ ಪ್ರಶ್ನೆ. ನಾನು 2001ರಲ್ಲಿ ಡಿಪ್ಲೊಮಾ ಮುಗಿಸಿದೋನು, ತಿಪಟೂರು ಕಡೆಯವನೇ. ನಮ್ಮದೂ ಕೊಬ್ಬರಿ ಮನೆ. ಆರು ವರ್ಷ ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಲ್ಲಿ ದುಡಿದು ಆಮೇಲೆ ಮೈಸೂರಿಗೆ ಬಂದೆ. ಈಗ ಬೋರ್ಡ್ ತಯಾರಿಸೋ ಒಂದು ಕಂಪನೀಲಿ ಟೆಸ್ಟ್ ವಿಭಾಗ ನೋಡ್ಕೊಳ್ತೀನಿ. ವರ್ಷಕ್ಕೆ ಎರಡು ಸಲ ಹೊಸ ಡಿಪ್ಲೊಮಾ ಹುಡುಗ್ರು ಹುಡುಗೀರ ಇಂಟರ್‌ವ್ಯೂಗೆ ಕೂರ್ತೀನಿ.

ಪೇಪರ್ ಸುಳ್ಳು ಹೇಳ್ತಿಲ್ಲ, ಸೀನಿಯರ್‌ಗಳೂ ಸುಳ್ಳು ಹೇಳ್ತಿಲ್ಲ. ಪೇಪರ್‌ನಲ್ಲಿ ಬರೋ ಸಾವಿರಗಟ್ಟಲೆ ಕೆಲಸದಲ್ಲಿ ಮುಕ್ಕಾಲು ಪಾಲು ಲೈನ್ ಕೆಲಸ. ಕನ್ವೇಯರ್ ಪಕ್ಕ ಒಂದು ಸ್ಟೇಷನ್ನು, ಆ ಸ್ಟೇಷನ್‌ಗೆ ಒಂದೇ ಕೆಲಸ, ಇಷ್ಟು ಸೆಕೆಂಡಿಗೆ ಒಂದು ಪೀಸ್ ಮುಂದೆ ಹೋಗ್ಬೇಕು. ಅದನ್ನ ಪಿಯುಸಿ ಓದಿದ ಹುಡುಗಿ ಎಷ್ಟು ಚೆನ್ನಾಗಿ ಮಾಡ್ತಾಳೋ ಡಿಪ್ಲೊಮಾದವಳೂ ಅಷ್ಟೇ ಚೆನ್ನಾಗಿ ಮಾಡ್ತಾಳೆ. ಹಾಗಾಗಿ ಅಲ್ಲಿ ಡಿಪ್ಲೊಮಾಗೆ ಬೆಲೆ ಇಲ್ಲ. ಅವಮಾನದ ಕೆಲಸ ಅಂತ ನಾನು ಹೇಳ್ತಿಲ್ಲ, ಎಷ್ಟೋ ಮನೆ ಅದರಿಂದಲೇ ನಡೀತಿವೆ. ಮೂರು ವರ್ಷ ಓದಿದ್ದು ಅಲ್ಲಿ ಕೆಲಸಕ್ಕೆ ಬರಲ್ಲ ಅಂತ ಮಾತ್ರ ಹೇಳ್ತಿದೀನಿ.

ಆ ಲೈನ್‌ನ ಬೆನ್ನಿಗೇ ಇನ್ನೊಂದಿಷ್ಟು ಜನ ಇರ್ತಾರೆ. ಮೆಷಿನ್ ನಿಂತ್ರೆ ಓಡಿಸೋರು, ಫೇಲ್ ಆದ ಬೋರ್ಡ್ ಯಾಕೆ ಫೇಲ್ ಆಯ್ತು ಅಂತ ನೋಡೋರು, ಬೋರ್ಡ್ ಕೂರಿಸಿ ಪರೀಕ್ಷೆ ಮಾಡೋ ಚೌಕಟ್ಟು (ಟೆಸ್ಟ್ ಜಿಗ್) ಕಟ್ಟೋರು, ಕ್ವಾಲಿಟಿಯವರು. ಇವರ ಸಂಖ್ಯೆ ಕಮ್ಮಿ, ಪೇಪರ್‌ಗೆ ಬರಲ್ಲ. ಡಿಪ್ಲೊಮಾ ಇರೋದೇ ಈ ಜಾಗಕ್ಕೆ. ಹಂಗಾಗಿ ಯಾವ ಊರು ಅಂತ ಕೇಳೋಕೆ ಮುಂಚೆ ಯಾವ ಮೇಜು ಅಂತ ಕೇಳು.

ಆದ್ರೂ ಊರು ಕೇಳಿದೀಯ, ಹೇಳ್ತೀನಿ.

ಬೆಂಗಳೂರಿನ ಪೂರ್ವ, ಉತ್ತರದ ಪಟ್ಟಿ ಈಗ ಪೂರ್ತಿ ಫೋನಿನದು. ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಇದ್ದಿದ್ದನ್ನ 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ತಗೊಂಡ್ತು. ದೇವನಹಳ್ಳಿ–ದೊಡ್ಡಬಳ್ಳಾಪುರ ಮಧ್ಯೆ 300 ಎಕರೆಯಲ್ಲಿ ಫಾಕ್ಸ್‌ಕಾನ್ 2025ರಲ್ಲಿ ಐಫೋನ್ ಜೋಡಿಸೋಕೆ ಶುರು ಮಾಡ್ತು. ಅತ್ತ ಗಡಿ ದಾಟಿದ್ರೆ ಹೊಸೂರು, ಕೃಷ್ಣಗಿರಿ. ಜನ ತಗೊಳ್ಳೋದು ಇಲ್ಲೇ ಜಾಸ್ತಿ. ಎಲ್ಲ ದೊಡ್ಡ ಪ್ರಮಾಣದ ಕೆಲಸ, ಒಂದೇ ಮಾಡೆಲ್ ಲಕ್ಷಗಟ್ಟಲೆ. ಆರ್ಡರ್ ಏರಿದಾಗ ಜನ ಏರ್ತಾರೆ, ಮಾಡೆಲ್ ಬದಲಾಗೋ ಹೊತ್ತಿಗೆ ಇಳೀತಾರೆ. ಬಹಳಷ್ಟು ಭರ್ತಿ ಕಾಂಟ್ರ್ಯಾಕ್ಟರ್ ಮೂಲಕ ಆಗುತ್ತೆ. ಆಫರ್ ಲೆಟರ್‌ನಲ್ಲಿ ಮೇಲ್ಗಡೆ ಯಾರ ಹೆಸರಿದೆ ನೋಡು, ಫ್ಯಾಕ್ಟರಿಯದ್ದೋ ಏಜೆನ್ಸಿಯದ್ದೋ.

ಮೈಸೂರು ಕಡೆ ಕಥೆ ಬೇರೆ. ನಂಜನಗೂಡಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ 1999ರಿಂದ ಪಿಸಿಬಿ ಮಾಡ್ತಿದೆ. ಅಂದ್ರೆ ಖಾಲಿ ಬೋರ್ಡು, ಮೇಲೆ ಪಾರ್ಟ್ ಕೂರಿಸೋ ಮುಂಚಿನದು. ಅಲ್ಲಿ ಎಲೆಕ್ಟ್ರಾನಿಕ್ಸ್‌ಗಿಂತ ಕೆಮಿಸ್ಟ್ರಿ ಹೆಚ್ಚು. ಬೋರ್ಡ್ ಮೇಲೆ ಪಾರ್ಟ್ ಕೂರಿಸೋ ಕೇನ್ಸ್ ಟೆಕ್ನಾಲಜಿ ಹುಟ್ಟಿದ್ದು ಮೈಸೂರಲ್ಲೇ, 1988ರಲ್ಲಿ. ಇದರ ಸುತ್ತ ಚಿಕ್ಕ, ಮಧ್ಯಮ ಕಂಪನಿಗಳು ಎಷ್ಟೋ ಇವೆ. ಇಲ್ಲಿ ಬರೋದು ರೈಲ್ವೆ ಸಿಗ್ನಲ್, ವಾಹನ, ವೈದ್ಯಕೀಯ ಉಪಕರಣ, ಮೀಟರ್ ಇಂಥವುಗಳ ಬೋರ್ಡು. ಒಂದೊಂದು ಆರ್ಡರ್ ನೂರೋ ಇನ್ನೂರೋ. ಇವತ್ತು ಒಂದು ಬೋರ್ಡು, ನಾಳಿದ್ದು ಇನ್ನೊಂದು. ಸಂಬಳ ಶುರುವಿನಲ್ಲಿ ಚಿಕ್ಕದು, ಅದನ್ನ ಮುಚ್ಚಿಡಲ್ಲ. ಆದ್ರೆ ಒಂದು ವರ್ಷಕ್ಕೆ ಮೂವತ್ತು ನಲವತ್ತು ಥರದ ಸರ್ಕ್ಯೂಟ್ ಕಣ್ಣಿಗೆ ಬೀಳುತ್ತೆ. ಫೋನ್ ಫ್ಯಾಕ್ಟರೀಲಿ ವರ್ಷಪೂರ್ತಿ ಒಂದೇ.

ಪೀಣ್ಯ, ಜಿಗಣಿ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯ ಸಣ್ಣ ಶೆಡ್‌ಗಳೂ ಹಂಗೇ, ಕಲಿಯೋಕೆ ಒಳ್ಳೆ ಜಾಗ, ಪಿಎಫ್ ಕಟ್ತಾರಾ ಅಂತ ಮಾತ್ರ ಕೇಳ್ಬೇಕು. ತುಮಕೂರಿನ ಗುಬ್ಬಿ ಹತ್ರ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ 2023ರಲ್ಲಿ ಉದ್ಘಾಟನೆ ಆಗಿದೆ. ನಿಮ್ಮೂರಿಂದ ರೈಲಲ್ಲಿ ದೂರ ಏನಲ್ಲ, ಅಮ್ಮಂಗೆ ಹೇಳು. ಆದ್ರೆ ಅಲ್ಲಿ ಎಲೆಕ್ಟ್ರಾನಿಕ್ಸ್‌ನವರಿಗಿಂತ ಮೆಕ್ಯಾನಿಕಲ್‌ನವರಿಗೆ ಜಾಗ ಜಾಸ್ತಿ ಅನ್ನೋದು ನನ್ನ ಅಂದಾಜು.

ಈಗ ಮೇಜು ಅಂದೆನಲ್ಲ, ಅದರದ್ದೊಂದು ಸಂಗತಿ ಹೇಳ್ತೀನಿ. ಪೀಣ್ಯದಲ್ಲಿ ನನ್ನ ಎರಡನೇ ವರ್ಷ. ಪವರ್ ಸಪ್ಲೈ ಬೋರ್ಡ್ ಆರ್ಡರ್. ದಿನಾ ಬೆಳಿಗ್ಗೆ ಮೊದಲ ಹತ್ತು ಹದಿನೈದು ಬೋರ್ಡು ಫೇಲು, ಆಮೇಲೆ ಸಂಜೆವರೆಗೂ ಎಲ್ಲ ಪಾಸು. ಮಾಲೀಕರು ಐಸಿ (ಬೋರ್ಡ್ ಮೇಲಿನ ಚಿಪ್ಪು) ಕೊಟ್ಟೋನಿಗೆ ಬೈದ್ರು, ಅವನು ಇನ್ನೊಂದು ಲಾಟ್ ಕಳಿಸ್ದ, ಅದೂ ಹಂಗೇ. ನಾನು ಫೇಲ್ ಆದ ಬೋರ್ಡ್‌ಗಳನ್ನ ಲೆನ್ಸ್ ಕೆಳಗಿಟ್ಟು ನೋಡಿದ್ರೆ ಐಸಿ ಕಾಲುಗಳ ಸಂದೀಲಿ ಸಾಸಿವೆಗಿಂತ ಚಿಕ್ಕ ಸೀಸದ ಗುಂಡು, ಎರಡು ಕಾಲಿಗೆ ಸೇತುವೆ ಕಟ್ಟಿದಂಗೆ. ಬೆಳಿಗ್ಗೆ ಮಾತ್ರ ಯಾಕೆ? ಒಂದು ದಿನ ಐದೂವರೆಗೇ ಹೋಗಿ ಬೋರ್ಡ್ ಮೇಲೆ ಪೇಸ್ಟ್ ಬಳಿಯೋ ಪ್ರಿಂಟರ್ ಪಕ್ಕ ನಿಂತೆ. ಪಾರ್ಟ್‌ಗಳನ್ನ ಬೋರ್ಡಿಗೆ ಬೆಸೆಯೋ ಸೋಲ್ಡರ್ ಪೇಸ್ಟ್ ಡಬ್ಬ ಫ್ರಿಜ್‌ನಲ್ಲಿ ಇಟ್ಟಿರ್ತಾರೆ. ತೆಗೆದು ಮುಚ್ಚಳ ಬಿಚ್ಚದೆ ನಾಲ್ಕು ಗಂಟೆ ಹೊರಗಿಟ್ಟು ರೂಮಿನ ಬಿಸಿಗೆ ಬಂದ ಮೇಲೆ ಬಳಸ್ಬೇಕು. ಆ ಆಪರೇಟರ್ ಆರು ಗಂಟೆಗೆ ಫ್ರಿಜ್ ತೆಗೆದ, ಆರೂ ಐದಕ್ಕೆ ಡಬ್ಬ ಬಿಚ್ಚಿದ. ತಣ್ಣಗಿನ ಪೇಸ್ಟ್ ಮೇಲೆ ಗಾಳಿಯ ತೇವ ಕೂತ್ಕೊಂಡ್ತು, ಒವನ್ ಒಳಗೆ ಅದು ಆವಿಯಾಗಿ ಸಿಡಿದು ಸೀಸ ಚೆಲ್ಲಿತ್ತು. ಡಬ್ಬ ಬಿಸಿಯಾಗ್ತಾ ಬಂದಂಗೆ ಬೋರ್ಡೂ ಸರಿಯಾಗ್ತಿದ್ವು.

ರಾತ್ರಿ ಪಾಳಿಯವರು ಎರಡು ಗಂಟೆಗೇ ಡಬ್ಬ ಹೊರಗಿಡೋ ಹಂಗೆ ಮಾಡಿದ್ವಿ. ಮುಗೀತು. ಆವತ್ತಿನಿಂದ ನನಗೆ ಆ ಶೆಡ್ಡಲ್ಲಿ ಕುರ್ಚಿ ಸಿಕ್ತು, ಸಂಬಳ 600 ರೂಪಾಯಿ ಏರ್ತು. (ಬೈಸಿಕೊಂಡ ಐಸಿಯವನಿಗೆ ಮಾತ್ರ ಯಾರೂ ಫೋನ್ ಮಾಡಿ ಸಾರಿ ಕೇಳ್ಲಿಲ್ಲ.)

ಇಂಟರ್‌ವ್ಯೂನಲ್ಲಿ ನಾನು ಥಿಯರಿ ಕೇಳೋದು ಬಿಟ್ಟು ವರ್ಷಗಳಾದ್ವು. ಕೈಗೆ ಒಂದು ಸತ್ತ ಬೋರ್ಡು, ಒಂದು ಮಲ್ಟಿಮೀಟರ್ ಕೊಡ್ತೀನಿ. 12 ವೋಲ್ಟ್ ಒಳಗೆ ಬರ್ತಿದೆ, 5 ವೋಲ್ಟ್ ಹೊರಗೆ ಬರ್ತಿಲ್ಲ, ಮೊದಲು ಪ್ರೋಬ್ ಎಲ್ಲಿಡ್ತೀಯ? ಎಂಬತ್ತೈದು ಪರ್ಸೆಂಟ್ ತಗೊಂಡೋರೂ ಕೈ ನಡುಗಿಸ್ತಾ ಐಸಿಗೇ ಪ್ರೋಬ್ ಚುಚ್ತಾರೆ. ಪವರ್ ಆಫ್ ಮಾಡಿ ಅಳೀಬೇಕಾದ ಓಮ್ಸ್‌ಗೆ (ರೆಸಿಸ್ಟೆನ್ಸ್) ಪವರ್ ಆನ್ ಇದ್ದಂಗೇ ಮೀಟರ್ ತಿರುಗಿಸ್ತಾರೆ. ಫ್ಯೂಸು, ಗ್ರೌಂಡು, ಇನ್‌ಪುಟ್ ಕೆಪಾಸಿಟರ್ ಅಂತ ಸಾಲಾಗಿ ಬರೋರು ಹತ್ತರಲ್ಲಿ ಒಬ್ರು. ಅಂಗಡೀಲಿ ಕೂತು ಶಾರ್ಟ್ ಹುಡುಕಿದ ನಿನ್ನ ತಂಗಿ ಆ ಒಬ್ಬಳಾಗ್ತಾಳೆ ಅಂತ ನನಗೆ ಅನ್ನಿಸ್ತಿದೆ.

ಆದ್ರೆ ಅಂಗಡಿಯ ಕೆಲವು ಚಾಳಿ ಬಿಡಿಸ್ಬೇಕು, ಬೇಜಾರಾಗ್ಬೇಡ. ಕೈಗೆ ಇಎಸ್‌ಡಿ ಪಟ್ಟಿ (ಮೈಯ ಸ್ಥಿರ ವಿದ್ಯುತ್ತನ್ನ ನೆಲಕ್ಕಿಳಿಸೋದು) ಇಲ್ಲದೆ ಬೋರ್ಡ್ ಮುಟ್ಟೋದು. ಹಾಟ್ ಏರ್ ಗನ್ನನ್ನ ಕಣ್ಣಂದಾಜಲ್ಲಿ ತಿರುಗಿಸೋದು. ಸೀಸ ಇರೋ ಸೋಲ್ಡರ್ 183 ಡಿಗ್ರಿಗೆ ಕರಗುತ್ತೆ, ಈಗ ಫ್ಯಾಕ್ಟರೀಲಿ ಬಳಸೋ ಸೀಸ ಇಲ್ಲದ್ದು 217ರ ಹತ್ರ ಕರಗೋಕೆ ಶುರುವಾಗುತ್ತೆ, ಎರಡನ್ನೂ ಒಂದೇ ಬಿಸೀಲಿ ಎಳೆದ್ರೆ ಬೋರ್ಡಿನ ತಾಮ್ರದ ಪ್ಯಾಡ್ ಕಿತ್ತು ಬರುತ್ತೆ. ಇನ್ನು ದೊಡ್ಡ ಚಾಳಿ ಅಂದ್ರೆ ಸರಿಯಾದ ಮೇಲೆ ಏನು ಮಾಡಿದೆ ಅಂತ ಬರೆದಿಡದೇ ಇರೋದು. ಅಂಗಡೀಲಿ ಫೋನ್ ಆನ್ ಆದ್ರೆ ಗಿರಾಕಿ ದುಡ್ಡು ಕೊಡ್ತಾನೆ. ಇಲ್ಲಿ ಕಾರಣ ಬರೆಯದಿದ್ರೆ ರಿಪೇರಿ ಆದ ಬೋರ್ಡೂ ಗುಜರಿಗೆ ಹೋಗುತ್ತೆ. ಸೋಲ್ಡರ್ ಎಷ್ಟಿದ್ರೆ ಸರಿ, ಎಷ್ಟಿದ್ರೆ ತಪ್ಪು ಅಂತ ಹೇಳೋ ಐಪಿಸಿ-ಎ-610 ಅನ್ನೋ ಮಾನದಂಡ ಇದೆ, ಅದರ ಚಿತ್ರಗಳನ್ನ ಈಗಿಂದಲೇ ನೋಡೋಕೆ ಹೇಳು.

ಅಪ್ರೆಂಟಿಸ್ ವಿಚಾರ. 2019ರ ನಿಯಮದಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000 ಅಂತ ಮಾಡಿದ್ರು. ಅದಕ್ಕಿಂತ ಜಾಸ್ತಿ ಕೊಡೋ ಕಂಪನಿಗಳಿವೆ, ಕ್ಯಾಂಟೀನ್ ಊಟ ಕೊಡೋವು ಇವೆ, ಕೇಳಿ ತಿಳ್ಕೊ. ವರ್ಷ ಆದ್ಮೇಲೆ ಕೆಲಸಕ್ಕೆ ಇಟ್ಕೊಳ್ಳಲೇಬೇಕು ಅಂತ ಕಾನೂನಿಲ್ಲ, ಅದೂ ಗೊತ್ತಿರ್ಲಿ. ಮೈಸೂರಲ್ಲಿ ಪಿಜಿ ಬಾಡಿಗೆ ಕೊಟ್ಟು ಉಳಿಯೋದು ಏನೂ ಇಲ್ಲ, ಮನೆಯಿಂದ ನೀವೇ ಒಂದಿಷ್ಟು ಕಳಿಸ್ಬೇಕಾಗುತ್ತೆ. ಆದ್ರೂ ನನ್ನ ಮಗಳಾಗಿದ್ರೆ 17 ಸಾವಿರದ ಲೈನ್ ಬಿಟ್ಟು ಈ ಒಂದು ವರ್ಷಕ್ಕೇ ಕಳಿಸ್ತಿದ್ದೆ. ಒಂದು ಷರತ್ತು: ಟೆಸ್ಟ್, ಮೇಂಟೆನೆನ್ಸ್ ಇಲ್ಲಾ ಕ್ವಾಲಿಟಿ ವಿಭಾಗಕ್ಕೆ ಹಾಕ್ತೀವಿ ಅಂತ ಅವರು ಹೇಳ್ಬೇಕು. ಅಪ್ರೆಂಟಿಸ್ ಅಂತ ಕರೆದು ಲೈನ್‌ನಲ್ಲಿ ನಿಲ್ಲಿಸೋರೂ ಇದಾರೆ. ಹಂಗಾದ್ರೆ 17 ಸಾವಿರದ ಲೈನೇ ವಾಸಿ.

ಬಿಇ ಬೇಡ ಅನ್ನಲ್ಲ. ಡಿಸಿಇಟಿ ಬರೆಸು, ಸರ್ಕಾರಿ ಕಾಲೇಜಲ್ಲಿ ಸೀಟ್ ಸಿಕ್ರೆ ಕಣ್ಣು ಮುಚ್ಕೊಂಡು ಕಳ್ಸು. ಸಿಗದಿದ್ರೆ ತೋಟದ ಮೇಲೆ ಸಾಲ ಎತ್ತಿ ಯಾವ್ದೋ ಕಾಲೇಜಿಗೆ ಸುರೀಬೇಡಿ. ತೆಂಗಿಗೆ ನುಸಿ ಬಂದ ವರ್ಷ ನಮ್ಮನೇಲಿ ಏನಾಯ್ತು ಅಂತ ನನಗೆ ಗೊತ್ತು.

ಚಿಪ್ಪು, ಸೆಮಿಕಂಡಕ್ಟರ್ ಅಂತ ಈಗ ಬೀದಿ ಬೀದೀಲಿ ಕೋರ್ಸ್ ಮಾರ್ತಿದಾರೆ, ಅದಕ್ಕೂ ಎಚ್ಚರ. ಬೆಂಗಳೂರಲ್ಲಿ ನಡೆಯೋದು ಚಿಪ್ ವಿನ್ಯಾಸ, ಅಲ್ಲಿ ಕೇಳೋದು ಬಿಇ, ಎಂಟೆಕ್. ಚಿಪ್ ತಯಾರಿಸೋ, ಪ್ಯಾಕ್ ಮಾಡೋ ದೊಡ್ಡ ಘಟಕಗಳು ಬರ್ತಿರೋದು ಗುಜರಾತಿನ ಧೊಲೇರಾ, ಸಾಣಂದ್, ಅಸ್ಸಾಮಿನ ಜಾಗೀರೋಡ್ ಕಡೆ. ಡಿಪ್ಲೊಮಾದವರಿಗೆ ಅಲ್ಲಿ ಮೆಷಿನ್ ನೋಡ್ಕೊಳ್ಳೋ ಕೆಲಸ ಇರುತ್ತೆ, ಆದ್ರೆ ನಿಮ್ಮಮ್ಮ ಹಾಸನ ದಾಟೋಕೇ ಹೆದರ್ತಾರೆ.

ಸರ್ಕಾರಿ ಕಡೆ ಬಿಇಎಲ್‌ನ ಇಂಜಿನಿಯರಿಂಗ್ ಅಸಿಸ್ಟೆಂಟ್ ಟ್ರೈನೀ, ಇಸ್ರೋದ ಟೆಕ್ನಿಕಲ್ ಅಸಿಸ್ಟೆಂಟ್, ರೈಲ್ವೆಯ ಜೆಇ (ಜೂನಿಯರ್ ಇಂಜಿನಿಯರ್) ಸಿಗ್ನಲ್ ಅಂಡ್ ಟೆಲಿಕಾಂ, ಇವಕ್ಕೆಲ್ಲ ಇ ಅಂಡ್ ಸಿ ಡಿಪ್ಲೊಮಾ ನಡೆಯುತ್ತೆ. ಅರ್ಜಿ ಹಾಕ್ತಾ ಇರ್ಲಿ, ಕೆಲಸ ಮಾಡ್ತಾ ಓದ್ಲಿ. ಇದಕ್ಕೇ ಅಂತ ಎರಡು ವರ್ಷ ಮನೇಲಿ ಕೂರಿಸ್ಬೇಡ.

ಕೀಬೋರ್ಡಣ್ಣ, ನೀವು ಹೇಳಿದ್ದರಲ್ಲಿ ಅರ್ಧ ನಿಜ. ನನ್ನ ಬೆಂಚಿನ ಮೇಲೇ ಈಗ ಪೈಥಾನ್ ಪ್ರೋಗ್ರಾಂ ಇಲ್ದೆ ಟೆಸ್ಟ್ ಓಡಲ್ಲ. ಅದನ್ನ ಕಲೀಲಿ, ಆದ್ರೆ ಮೈಕ್ರೋಸ್ಕೋಪ್ ಕೆಳಗೆ ನಿಲ್ಲೋ ಕೈಯನ್ನ ಯಾಕೆ ಬಿಟ್ಟಾಕ್ಬೇಕು?

ರಾತ್ರಿ ಪಾಳಿ:

ಅಣ್ಣ, ನಾನು ಎರಡು ವರ್ಷ ಲೈನಲ್ಲಿ ನಿಂತೋಳು, ಈಗ ಹೊರಗಿಂದ ಬರೋ ಪಾರ್ಟ್ ಪರೀಕ್ಷಿಸೋ ಇನ್‌ಕಮಿಂಗ್ ಕ್ವಾಲಿಟೀಲಿ ಇದೀನಿ. ಕಂಪನಿ ಹೆಸರು ಬೇಡ. ಟೆಸ್ಟ್ ಬೆಂಚು ಸರ್ ಹೇಳಿದ್ದಕ್ಕೆ ಒಂದೇ ಒಂದು ಸೇರಿಸ್ತೀನಿ, ಲೈನ್‌ನಿಂದ ಮೇಲೆ ಬರೋಕೆ ಆಗಲ್ಲ ಅಂತ ಅಲ್ಲ. ನಮ್ಮಲ್ಲಿ ಕ್ವಾಲಿಟಿಗೆ ಒಳಗಿನವರಿಗೇ ಪರೀಕ್ಷೆ ಇಟ್ಟಿದ್ರು. ಅರವತ್ತು ಜನ ಬರೆದ್ವಿ, ನಾಲ್ಕು ಜನ ತಗೊಂಡ್ರು. ನಾನು ಪಾಸಾಗಿದ್ದು ರೆಸಿಸ್ಟರ್ ಮೇಲಿನ ಕೋಡ್ ಓದೋಕೆ ಬಂದಿದ್ದಕ್ಕೆ, ಅಷ್ಟೇ. ಉಳಿದೋರಿಗೆ ಡಿಪ್ಲೊಮಾದಲ್ಲಿ ಓದಿದ್ದೇ ಮರೆತುಹೋಗಿತ್ತು.

ತಂಗಿ ಹೋಗೋದಾದ್ರೆ ಮೊದಲು ಹಾಸ್ಟೆಲ್ ನೋಡ್ಕೊಂಡು ಬನ್ನಿ, ಫೋಟೋ ನಂಬ್ಬೇಡಿ. ಒಂದು ರೂಮಿಗೆ ಎಷ್ಟು ಜನ, ಪಾಳಿ ಬೇರೆ ಬೇರೆ ಇರೋರನ್ನ ಒಂದೇ ರೂಮಿಗೆ ಹಾಕ್ತಾರಾ ಅಂತ ಕೇಳಿ. ನಮ್ಮ ರೂಮಲ್ಲಿ ಮೂರು ಪಾಳಿಯವರೂ ಇದ್ವಿ, ಲೈಟು ಆರಿದ್ದೇ ಇಲ್ಲ. ನಾನು ಕಂಬಳಿ ಹೊದ್ಕೊಂಡು ಮಲಗೋದು ಕಲಿತಿದ್ದು ಚಳಿಗಲ್ಲ. ನಿಮ್ಮ ಸೀನಿಯರ್‌ಗಳು ವಾಪಸ್ ಬಂದಿದ್ದು ಕೆಲಸ ಕಷ್ಟ ಅಂತ ಇರಲ್ಲ, ನಿದ್ದೆ ಇಲ್ಲದೆ ಬಂದಿರ್ತಾರೆ. ರಾತ್ರಿ ಪಾಳಿಗೆ ಹೆಣ್ಮಕ್ಕಳ ಒಪ್ಪಿಗೆ ಬೇಕು, ಓಡಾಡೋಕೆ ಬಸ್ಸು ಕೊಡ್ಬೇಕು. ಸೇರೋವಾಗ ಹತ್ತು ಪೇಪರ್‌ಗೆ ಒಟ್ಟಿಗೇ ಸೈನ್ ಹಾಕಿಸ್ಕೊಳ್ತಾರೆ, ಅದರಲ್ಲೇ ಆ ಒಪ್ಪಿಗೆಯೂ ಇರುತ್ತೆ. ಓದಿ ಸೈನ್ ಹಾಕೋಕೆ ಹೇಳಿ.

ಗದಗಿನ ಗಾಳಿ:

ನಮಸ್ಕಾರ್ರೀ. ಎಲ್ಲಾರೂ ಬೆಂಗಳೂರು, ಮೈಸೂರು ಅಂತೀರಿ, ನಮ್ಮ ಕಡೆನೂ ಸ್ವಲ್ಪ ನೋಡ್ರಿ. ನಾ ಇ ಅಂಡ್ ಸಿ ಡಿಪ್ಲೊಮಾ ಮುಗಿಸಿ ಗದಗ ಕಡೆ ಗಾಳಿಯಂತ್ರದ ಮೇಂಟೆನೆನ್ಸ್‌ನ್ಯಾಗ ಎಂಟು ವರ್ಷ ಆತು. ಕಂಬದ ಮ್ಯಾಲಿನ ಗೂಡಿನೊಳಗ ಇರೋದೆಲ್ಲಾ ಸೆನ್ಸರ್, ಕಂಟ್ರೋಲ್ ಬೋರ್ಡ್, ಕನ್ವರ್ಟರ್. ಕರೆಂಟಿನವರಿಗಿಂತ ಎಲೆಕ್ಟ್ರಾನಿಕ್ಸ್‌ನವರೇ ಬೇಕಾಗ್ತಾರ. ಚಿತ್ರದುರ್ಗದಾಗೂ ಗಾಳಿಯಂತ್ರ ಅದಾವ, ಪಾವಗಡದಾಗ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಐತಿ. ಅಲ್ಲೆ ಇನ್ವರ್ಟರ್ ನೋಡ್ಕೊಳ್ಳಾಕ, ಸ್ಕಾಡಾ (ದೂರದಿಂದ ಯಂತ್ರ ನೋಡೋ ಕಂಪ್ಯೂಟರ್) ಮುಂದ ಕುಂದ್ರಾಕ ಜನ ಬೇಕು. ಅರಸೀಕೆರಿಯಿಂದ ಗದಗಕ್ಕಿಂತ ಹಂತ್ಯಾಕ ಆಗ್ತೈತಿ. ಧಾರವಾಡದ ಕೋಟೂರು–ಬೇಲೂರು ಏರಿಯಾಕ್ಕ ಎಲೆಕ್ಟ್ರಾನಿಕ್ಸ್ ಕ್ಲಸ್ಟರ್ ಅಂತ 2023ರಾಗ ಕೇಂದ್ರದವ್ರು ಒಪ್ಪಿಗಿ ಕೊಟ್ಟಾರ. ನಾವಂತೂ ಹೆಸರಿನ ಬೋರ್ಡ್ ನೋಡಿ ಹಿಗ್ಗೂದು ಬಿಟ್ಟೇವಿ, ಗೇಟ್ ತೆಗದ ದಿನಾ ಮಾತಾಡೂಣು.

ಬಿಸಲು ಅಂದ್ರ ಬಿಸಲು, ಅದನ್ನೂ ಹೇಳಿಬಿಡ್ತೀನಿ.

ಅರಸೀಕೆರೆ ಮೊಬೈಲ್ ಅಂಗಡಿ:

ಎಲ್ರಿಗೂ ಥ್ಯಾಂಕ್ಸ್. ಟೆಸ್ಟ್ ಬೆಂಚು ಅಣ್ಣ, ನಿಮ್ಮ ಉತ್ತರ ತಂಗಿಗೆ ಓದಿಸಿದೆ. ಐದು ವೋಲ್ಟ್ ಪ್ರಶ್ನೆಗೆ ಅವಳೇ ಉತ್ತರ ಕೊಟ್ಟಳು: ಮೊದಲು ಪವರ್ ತೆಗೆದು ಔಟ್‌ಪುಟ್ ಗ್ರೌಂಡ್‌ಗೆ ಶಾರ್ಟ್ ಇದೆಯಾ ನೋಡ್ತೀನಿ, ಶಾರ್ಟ್ ಇದ್ರೆ ಐಸಿ ಸುಮ್ನೆ ತನ್ನನ್ನ ತಾನು ಉಳಿಸ್ಕೊಳ್ಳೋಕೆ ಆಫ್ ಆಗಿರುತ್ತೆ ಅಂದ್ಲು. ಸರಿನಾ?

ಮೈಸೂರಿನವರಿಗೆ ಫೋನ್ ಮಾಡಿ ಯಾವ ವಿಭಾಗ ಅಂತ ಕೇಳಿದೆ. "ಬಂದ್ಮೇಲೆ ನೋಡೋಣ" ಅಂದ್ರು. ಡಿಸಿಇಟಿ ಅರ್ಜಿ ಹಾಕ್ತೀವಿ. ಅಪ್ಪ ಸಾಲದ ಮಾತು ಸದ್ಯಕ್ಕೆ ನಿಲ್ಲಿಸಿದಾರೆ.

ಟೆಸ್ಟ್ ಬೆಂಚು:

ಸರಿ. ನಾನು ಫ್ಯೂಸಿಂದ ಶುರು ಮಾಡ್ತಿದ್ದೆ, ಅವಳದ್ದು ಇನ್ನೂ ಚುರುಕು. "ಬಂದ್ಮೇಲೆ ನೋಡೋಣ" ಅನ್ನೋದು ಉತ್ತರ ಅಲ್ಲ. ಎಚ್‌ಆರ್‌ನವರನ್ನ ಬಿಟ್ಟು ಟೆಸ್ಟ್ ಇಲ್ಲಾ ಮೇಂಟೆನೆನ್ಸ್ ಮ್ಯಾನೇಜರ್ ಹತ್ರ ಐದು ನಿಮಿಷ ಮಾತಾಡೋಕೆ ಕೇಳಿ. ಹೋಗೋವಾಗ ಅವಳು ರಿಪೇರಿ ಮಾಡಿದ ಎರಡು ಸತ್ತ ಬೋರ್ಡು, ಏನಾಗಿತ್ತು, ಏನು ಮಾಡಿದೆ ಅಂತ ಒಂದು ಹಾಳೇಲಿ ಬರೆದು ಜೊತೇಲಿ ತಗೊಂಡು ಹೋಗ್ಲಿ. ಮಾರ್ಕ್ಸ್ ಕಾರ್ಡ್ ಆಮೇಲೆ ತೆಗೀಲಿ.

ಮತ್ತೆ ನಿನ್ನ ಅಂಗಡಿಗೆ ಒಂದು ಇಎಸ್‌ಡಿ ಪಟ್ಟಿ ತಗೊ ಮಾರಾಯ, ಇನ್ನೂರು ಮುನ್ನೂರು ರೂಪಾಯಿ ಅಷ್ಟೇ.